ಸುಸ್ತು ಸಹಜವೆಂಬ ಸುಳ್ಳು

"ನಲವತ್ತಾಯ್ತಲ್ಲ, ಇನ್ನು ಇದೆಲ್ಲ ಇದ್ದದ್ದೇ." ನಮ್ಮ ಮನೆಗಳಲ್ಲಿ ಹೆಂಗಸೊಬ್ಬಳು ಮೈಯಲ್ಲಿ ಶಕ್ತಿಯೇ ಇಲ್ಲ ಎಂದಾಗ ಸಿಗುವ ಉತ್ತರ ಇದು. ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾರೆ, ತವರಿನ ತಾಯಿಯೂ ಫೋನಿನಲ್ಲಿ ಇದನ್ನೇ ಹೇಳುತ್ತಾರೆ. ಕಡೆಗೆ ಡಾಕ್ಟರೂ ಇದನ್ನೇ ಹೇಳಿ, ಬಿ ಕಾಂಪ್ಲೆಕ್ಸ್ ಬರೆದುಕೊಟ್ಟು ಕಳಿಸುತ್ತಾರೆ. ಎರಡು ಮಕ್ಕಳಾದ ಮೇಲೆ ಹೆಣ್ಣು ದಪ್ಪಗಾಗುವುದು, ಕೂದಲು ಉದುರುವುದು, ಮಧ್ಯಾಹ್ನದ ಹೊತ್ತಿಗೇ ಸೋತುಹೋಗುವುದು, ಮುಟ್ಟು ವಿಪರೀತವಾಗುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲವೂ ಸಹಜ ಎಂದು ನಾವೆಲ್ಲ ಸೇರಿ ಒಪ್ಪಿಬಿಟ್ಟಿದ್ದೇವೆ. ಈ ಒಪ್ಪಿಗೆ ಸುಳ್ಳಿನ ಮೇಲೆ ನಿಂತಿದೆ. ಇದರ ನೆರಳಿನಲ್ಲಿ ಲಕ್ಷಾಂತರ ಜನ ವರ್ಷಗಟ್ಟಲೆ ಅರೆಜೀವವಾಗಿ ಬದುಕುತ್ತಿದ್ದಾರೆ.

ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು ಥೈರಾಯ್ಡ್ ಎಂಬ ಪುಟ್ಟ ಗ್ರಂಥಿಯಿದೆ. ಅದು ರಕ್ತಕ್ಕೆ ಬಿಡುವ ಥೈರಾಕ್ಸಿನ್ ಇಡೀ ದೇಹದ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಅದು ಕಡಿಮೆಯಾದರೆ ಎದೆಬಡಿತ, ಕರುಳು, ಬೆವರು, ನೆನಪು, ಮಾತು ಎಲ್ಲವೂ ನಿಧಾನವಾಗುತ್ತವೆ. ಗ್ರಂಥಿ ಸೋತಷ್ಟೂ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಟಿಎಸ್‌ಎಚ್ ಎಂಬ ರಸವನ್ನು ಹೆಚ್ಚು ಹೆಚ್ಚು ಕಳಿಸುತ್ತದೆ, ಏಳದ ಮಗನನ್ನು ತಾಯಿ ದನಿ ಏರಿಸಿ ಏರಿಸಿ ಕೂಗಿದ ಹಾಗೆ. ಆ ಕೂಗನ್ನು ಅಳೆಯಲು ತೋಳಿನಿಂದ ತೆಗೆದ ಒಂದಿಷ್ಟು ರಕ್ತ ಸಾಕು. ಖಾಸಗಿ ಲ್ಯಾಬಿನಲ್ಲಾದರೂ ಕೆಲವೇ ನೂರು ರೂಪಾಯಿಯ ಪರೀಕ್ಷೆ ಅದು.

ಗ್ರಂಥಿ ಹೀಗೆ ಸೋಲುವ ಥೈರಾಯ್ಡ್ ಕೊರತೆ ಎಲ್ಲೋ ಅಪರೂಪಕ್ಕೆ ಬರುವ ರೋಗವಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಇತ್ತು. ಹೆಂಗಸರಲ್ಲಿ ನೂರಕ್ಕೆ ಹತ್ತಿರಹತ್ತಿರ 16, ಗಂಡಸರಲ್ಲಿ 5. ಕೊರತೆ ಇದ್ದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ, ಅಂದು ರಕ್ತ ಕೊಡುವವರೆಗೂ ವಿಷಯವೇ ಗೊತ್ತಿರಲಿಲ್ಲ. ಆಸ್ಪತ್ರೆ, ಲ್ಯಾಬು ಕೈಗೆಟುಕುವ ದೊಡ್ಡ ನಗರಗಳ ಸ್ಥಿತಿಯೇ ಇದಾದರೆ ಸಿಂಧನೂರಿನ ಗದ್ದೆಯಲ್ಲಿ ನಾಟಿ ಮಾಡುವವಳ, ಬೀಡಿ ಕಟ್ಟುವವಳ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದಿನವಿಡೀ ಮಷಿನ್ನಿನ ಮುಂದೆ ಕೂರುವವಳ ಸುಸ್ತನ್ನು ಅಳೆದವರು ಯಾರು? ಅವಳ ಸುಸ್ತು ದುಡಿಮೆಯದೋ, ರಕ್ತಹೀನತೆಯದೋ, ಥೈರಾಯ್ಡಿನದೋ ಎಂದು ಕೇಳುವ ತೊಂದರೆಯನ್ನಾದರೂ ಯಾರು ತೆಗೆದುಕೊಂಡಿದ್ದಾರೆ?

ನಮ್ಮ ಬಡಾವಣೆಯ ವೃತ್ತದಲ್ಲಿ ಹೂ ಮಾರುವ ಹೆಂಗಸೊಬ್ಬರಿದ್ದಾರೆ. ಐವತ್ತರ ಆಸುಪಾಸಿನವರು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಡಾಂಬರು ಕಾಯ್ದು ಹೊಗೆಯಾಡುವಾಗ, ಸ್ವೆಟರ್ ತೊಟ್ಟು ಕೂರುತ್ತಿದ್ದರು. ಬೀದಿಯ ಆ ತುದಿಗೆ ಕೇಳುತ್ತಿದ್ದ ಕಂಚಿನ ಕಂಠ ಒಂದೆರಡು ವರ್ಷಗಳಲ್ಲಿ ಒಡೆದು ಗಂಡುದನಿಯಾಯಿತು. ಬಾಳೆನಾರಿನಲ್ಲಿ ಮೊಗ್ಗು ಕಟ್ಟುವಾಗ ಕಣ್ಣು ಕೆಳಗೆ ಹಾಕದೆ ಕಟ್ಟುತ್ತಿದ್ದ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ರಾತ್ರಿಯಿಡೀ ಕೈ ಕೊಡವುತ್ತ ಕೂರುತ್ತೇನೆ ಎಂದು ಅವರೇ ಹೇಳುತ್ತಿದ್ದರು. ಹೂ ಕೊಳ್ಳಲು ಬಂದವರೆಲ್ಲ ಒಂದೊಂದು ಮಾತು ಹೇಳಿಹೋದರು: ದನಿಗೆ ಶುಂಠಿ ಕಷಾಯ, ಕೈಗೆ ಎಣ್ಣೆ, ಚಳಿಗೆ ವಯಸ್ಸು. ಹೇಳಿದವರಲ್ಲಿ ಓದಿದವರಿದ್ದರು, ಬ್ಯಾಂಕಿನವರಿದ್ದರು, ಮೇಷ್ಟ್ರುಗಳಿದ್ದರು. ಮಗಳ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ ವಾರ್ಡಿನ ನರ್ಸ್ ಒಬ್ಬರು ಬಾಣಂತಿಯನ್ನು ಬಿಟ್ಟು ಬಾಣಂತಿಯ ತಾಯಿಯ ಮುಖವನ್ನೇ ನೋಡಿ ಕೇಳಿದರಂತೆ: "ಅಮ್ಮಾ, ನಿಮ್ಮ ದನಿ ಮೊದಲಿಂದ್ಲೂ ಹೀಗೇನಾ? ಕಣ್ಣ ಕೆಳಗೆ ಯಾವಾಗ್ಲೂ ಹಿಂಗೇ ಊದಿರುತ್ತಾ?" ಅಷ್ಟು ವರ್ಷಗಳಲ್ಲಿ ಅವರನ್ನು ಸರಿಯಾದ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆ ನರ್ಸ್. ರಕ್ತಪರೀಕ್ಷೆಯಾಯಿತು, ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಸ್ವೆಟರ್ ಮನೆಯಲ್ಲಿ ಉಳಿಯಿತು.

ಇದನ್ನು ಅದೃಷ್ಟದ ಕಥೆಯೆಂದು ಓದಿ ಮುಗಿಸಬೇಡಿ. ಚಳಿ ತಡೆಯದಿರುವುದು, ಒಡೆದ ದನಿ, ಊದಿದ ರೆಪ್ಪೆ, ಜೋಮು ಹಿಡಿಯುವ ಬೆರಳು, ಇವು ವೈದ್ಯಶಾಸ್ತ್ರದ ಯಾವ ಪಠ್ಯದಲ್ಲೂ ಒಂದೇ ಪುಟದಲ್ಲಿ ಸಿಗುವ ಲಕ್ಷಣಗಳು. ನೂರಾರು ಜನರ ಕಣ್ಣೆದುರು, ನಡುಬೀದಿಯಲ್ಲಿ, ಹಾಡುಹಗಲಲ್ಲಿ ಅವು ಕೂತಿದ್ದವು. ಕಾಣದೆ ಹೋದದ್ದು ಏಕೆ? ದುಡಿಯುವ ಹೆಂಗಸು ಸೊರಗಿದರೆ ಅದರಲ್ಲಿ ನೋಡುವಂಥದ್ದೇನಿದೆ ಎಂದು ನಾವು ಮೊದಲೇ ತೀರ್ಮಾನಿಸಿದ್ದರಿಂದ.

ಸಹಜ ಎನ್ನುವುದೇ ಸಾಲದೆಂದು ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ಅವಳ ಗುಣದ ಮೇಲೆ ಹೊರಿಸುತ್ತಾರೆ. ಸೋಮಾರಿ. ಎಂಟಾದರೂ ಏಳೊಲ್ಲ. ಎರಡು ಸಲ ಹೇಳಿದರೂ ಮರೆಯುತ್ತಾಳೆ. ತಿಂದು ತಿಂದು ಕೊಬ್ಬಿದ್ದಾಳೆ. ಈ ಮಾತುಗಳನ್ನು ಆಡುವವರು ಒಂದು ಸಂಗತಿ ತಿಳಿದುಕೊಳ್ಳಲಿ: ಥೈರಾಯ್ಡ್ ಕೊರತೆಯಲ್ಲಿ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಲವು ಕಿಲೋ, ಅದರಲ್ಲೂ ಬಹುಪಾಲು ದೇಹ ಹಿಡಿದಿಟ್ಟುಕೊಂಡ ಉಪ್ಪು, ನೀರು. ಅವಳು ಹೆಚ್ಚು ತಿಂದದ್ದರಿಂದ ಬಂದದ್ದಲ್ಲ. ಊಟ ಸೇರದಿದ್ದರೂ ಮೈ ಬರುವ ಕಾಯಿಲೆ ಇದು. ಹಾಗಿರುವಾಗ ಅವಳನ್ನು ಉಪವಾಸ ಕೆಡವುವುದು, ಜಿಮ್ಮಿಗೆ ಅಟ್ಟುವುದು, ಮದುವೆಮನೆಯಲ್ಲಿ ನಾಲ್ಕು ಜನರ ಮುಂದೆ "ಏನಮ್ಮಾ ಇಷ್ಟು ದಪ್ಪ ಆಗಿದೀಯ" ಎಂದು ನಗುವುದು ಕ್ರೌರ್ಯವಲ್ಲದೆ ಇನ್ನೇನು? ಜ್ವರ ಬಂದವನಿಗೆ ಯಾರಾದರೂ ಸೋಮಾರಿ ಎನ್ನುತ್ತಾರೆಯೇ?

"ಕುತ್ತಿಗೆ ಊದಿಲ್ಲವಲ್ಲ, ಹಾಗಾದರೆ ಥೈರಾಯ್ಡ್ ಹೇಗಾಗುತ್ತೆ?" ಇದು ಇನ್ನೊಂದು ಗಟ್ಟಿ ನಂಬಿಕೆ. ಮಲೆನಾಡಿನ ಹಳಬರು ಗಳಗಂಡ ಕಂಡವರು, ಆ ನೆನಪು ಈ ನಂಬಿಕೆಯ ಹಿಂದಿದೆ. ಆಗ ಅಯೋಡಿನ್ ಕೊರತೆಯ ಕಾಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಅಡುಗೆಮನೆಗೆ ಅಯೋಡಿನ್ ಉಪ್ಪು ಬಂದ ಮೇಲೆ ಆ ಚಿತ್ರ ಬದಲಾಗಿದೆ. ಈಗ ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ ಬಗೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲೇ ವಿವರಿಸಿದ್ದು. ಇದರಲ್ಲಿ ಗ್ರಂಥಿ ಊದಬಹುದು, ಸದ್ದಿಲ್ಲದೆ ಸುರುಟಿಹೋಗಲೂಬಹುದು. ಕುತ್ತಿಗೆ ಊದಲೆಂದು ಕಾಯುವುದೆಂದರೆ ಬರದೇ ಇರಬಹುದಾದ ಸಾಕ್ಷಿಗಾಗಿ ಕಾಯುವುದು.

ನೋಡಬೇಕಾದ ಸಾಕ್ಷಿಗಳು ಬೇರೆ ಕಡೆ ಇವೆ. ಬೇಸಿಗೆಯಲ್ಲೂ ಫ್ಯಾನ್ ಆರಿಸು ಎನ್ನುವವರು. ಬೆವರದೆ, ಮೊಣಕೈ ಹಿಮ್ಮಡಿ ಒರಟಾಗಿ ಬಿರಿದವರು. ಹುಬ್ಬಿನ ಹೊರತುದಿಯ ಕೂದಲು ತೆಳುವಾದವರು. ಹೊಸದಾಗಿ ಮಲಬದ್ಧತೆ ಶುರುವಾಗಿ ವಾರಕ್ಕೆರಡು ಸಲ ಹೊಟ್ಟೆ ಸಾಫಾದರೆ ಹೆಚ್ಚು ಎನ್ನುವವರು. ನಾಡಿ ನಿಧಾನವಾದವರು. ಮಾತಿನ ನಡುವೆ ಪದಕ್ಕಾಗಿ ತಡಕಾಡುವವರು. ಹಿಂದಿನ ತಲೆಮಾರಿನ ವೈದ್ಯರು ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಪಾದ ಗಾಳಿಯಲ್ಲಿ ತೂಗುವಂತೆ ಬಿಟ್ಟು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಿದ್ದರು. ಪಾದ ತಟ್ಟನೆ ಎಳೆದುಕೊಂಡು ತಟ್ಟನೆ ಮರಳಬೇಕು. ಥೈರಾಯ್ಡ್ ಸೋತವರಲ್ಲಿ ಎಳೆದುಕೊಂಡ ಪಾದ ಸಾವಕಾಶವಾಗಿ ಇಳಿಯುತ್ತದೆ. ಆ ತಡ ಬರಿಗಣ್ಣಿಗೆ ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ಇಂದು ಎಷ್ಟು ಕ್ಲಿನಿಕ್ಕುಗಳಲ್ಲಿ ರೋಗಿಯನ್ನು ಹೀಗೆ ಮುಟ್ಟಿ ನೋಡುತ್ತಾರೆ? ಮುಖ ನೋಡದೆ ಚೀಟಿ ಬರೆಯುವ ವೈದ್ಯರ ಮೇಲೆ ನನ್ನ ಆರೋಪ ಇದು: ಲಕ್ಷಣ ನಿಮ್ಮ ಎದುರಿನ ಸ್ಟೂಲಿನ ಮೇಲೆ ಕೂತಿದ್ದಾಗ ನೀವು ಬರೆಯುತ್ತಿದ್ದಿರಿ.

ಇನ್ನೂ ಕೆಟ್ಟದ್ದೊಂದಿದೆ. ಒಂದೇ ಕಾಯಿಲೆಯನ್ನು ತುಂಡು ತುಂಡು ಮಾಡಿ ಒಂದೊಂದು ಅಂಗಡಿಗೆ ಮಾರುವುದು. ಕೂದಲು ಉದುರಿದರೆ ಚರ್ಮದ ಡಾಕ್ಟರು, ಕೊಲೆಸ್ಟರಾಲ್ ಏರಿದರೆ ಹೃದಯದ ಡಾಕ್ಟರು, ಮಂಕಾದರೆ ಮನೋವೈದ್ಯರು, ಮುಟ್ಟು ನಿಲ್ಲದಿದ್ದರೆ ಹೆರಿಗೆ ಡಾಕ್ಟರು. ನಾಲ್ಕು ಕಡೆ ನಾಲ್ಕು ಫೈಲು, ನಾಲ್ಕು ಬಗೆ ಮಾತ್ರೆ, ನಡುವೆ ಒಬ್ಬಳೇ ಹೆಂಗಸು. ಥೈರಾಯ್ಡ್ ಸೋತರೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಥೈರಾಯ್ಡ್ ನೋಡದೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಕೊಟ್ಟರೆ ಸ್ನಾಯುನೋವಿನ ಅಪಾಯವೂ ಹೆಚ್ಚುತ್ತದೆ. ಕೂದಲಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಬಯೋಟಿನ್ ಮಾತ್ರೆಯ ಕಥೆ ಇನ್ನೂ ಅನ್ಯಾಯದ್ದು. ಹೆಚ್ಚಿನ ಪ್ರಮಾಣದಲ್ಲಿ ಅದು ಕೆಲವು ಲ್ಯಾಬ್ ಪರೀಕ್ಷೆಗಳನ್ನೇ ದಾರಿತಪ್ಪಿಸಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಥೈರಾಯ್ಡಿನಿಂದ ಕೂದಲು ಉದುರುತ್ತಿರುವವಳು, ಕೂದಲಿನ ಮಾತ್ರೆ ತಿಂದು, ರಕ್ತ ಕೊಟ್ಟು, "ಎಲ್ಲ ನಾರ್ಮಲ್" ಎಂಬ ಕಾಗದ ಹಿಡಿದು ಮನೆಗೆ ಬರುವ ಸಾಧ್ಯತೆ ಇದೆ. ಪರೀಕ್ಷೆಗೆ ಎರಡು ದಿನ ಮೊದಲು ಅದನ್ನು ನಿಲ್ಲಿಸಿ ಎಂದು ಕೌಂಟರಿನಲ್ಲಿ ಯಾರು ಹೇಳುತ್ತಾರೆ?

ಮನಸ್ಸಿನ ಮಾತಿಗೆ ಬಂದರೆ, ಲಂಡನ್ನಿನ ವೈದ್ಯ ರಿಚರ್ಡ್ ಆಶರ್ 1949ರಲ್ಲಿ ಹದಿನಾಲ್ಕು ರೋಗಿಗಳ ವಿವರ ಪ್ರಕಟಿಸಿದರು. ಹುಚ್ಚೆಂದು ಹಣೆಪಟ್ಟಿ ಹಚ್ಚಿಸಿಕೊಂಡವರು ಅವರು. ನಿಜದಲ್ಲಿ ಸೋತದ್ದು ಥೈರಾಯ್ಡ್. ಚಿಕಿತ್ಸೆ ಸಿಕ್ಕಾಗ ಹೆಚ್ಚಿನವರು ಚೇತರಿಸಿಕೊಂಡರು. ಮುಕ್ಕಾಲು ಶತಮಾನ ಕಳೆದಿದೆ. ಇಂದಿಗೂ ನಮ್ಮಲ್ಲಿ ಮಂಕಾದ ಸೊಸೆಯನ್ನು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಕರೆದೊಯ್ಯುತ್ತಾರೆ, ಮರೆವು ಹೆಚ್ಚಾದ ಅಜ್ಜನಿಗೆ ಅರಳುಮರಳು ಎಂದು ಮೂಲೆ ತೋರಿಸುತ್ತಾರೆ. ಅಜ್ಜನಿಗೆ ಒಂದು ಟಿಎಸ್‌ಎಚ್ ಮಾಡಿಸಿದಿರಾ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಈ ಕಾಯಿಲೆ ಹೆಂಗಸರದ್ದು ಎಂಬ ಮಾತೇ ಗಂಡಸರ ಪಾಲಿಗೂ ಶಾಪವಾಗಿದೆ.

ಗರ್ಭಕೋಶದ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ಕೊಯ್ದು ತೆಗೆದದ್ದು 2015ರ ಸುಮಾರಿಗೆ ಬಯಲಾಗಿ, ಆ ಹೆಂಗಸರೇ ಬೀದಿಗಿಳಿದು ಹೋರಾಡಿದ್ದನ್ನು ಈ ರಾಜ್ಯ ಮರೆಯಕೂಡದು. ಅತಿಯಾದ ಮುಟ್ಟಿಗೆ ಕಾರಣಗಳು ಹಲವು, ಥೈರಾಯ್ಡ್ ಕೊರತೆ ಅವುಗಳಲ್ಲೊಂದು. ಸುಸ್ತು, ಚಳಿ, ಊತ ಜೊತೆಗಿರುವ ಹೆಂಗಸು ರಕ್ತಸ್ರಾವವೆಂದು ಬಂದಾಗ ಕೆಲವು ನೂರು ರೂಪಾಯಿಯ ಪರೀಕ್ಷೆ ಮಾಡಿಸದೆ ಸಾವಿರಾರು ರೂಪಾಯಿಯ ಆಪರೇಷನ್ನಿಗೆ ದಿನ ಗೊತ್ತುಮಾಡುವುದು ಅಪರಾಧ. ಅದಕ್ಕೆ ಬೇರೆ ಹೆಸರು ನನಗೆ ತಿಳಿಯದು.

ಮದುವೆಯ ಮಾರುಕಟ್ಟೆ ಈ ಸುಳ್ಳಿಗೆ ಇನ್ನೊಂದು ಬೇಲಿ ಕಟ್ಟಿದೆ. ಇಪ್ಪತ್ತೆರಡರ ಹುಡುಗಿಗೆ ಮುಟ್ಟು ಏರುಪೇರಾದರೆ ಪರೀಕ್ಷೆ ಬೇಡ, ಥೈರಾಯ್ಡ್ ಅಂತ ಬಂದರೆ ಸಂಬಂಧ ಕೂಡುವುದಿಲ್ಲ ಎಂದು ಮುಚ್ಚಿಡುತ್ತಾರೆ. ಮಾತ್ರೆಯ ಡಬ್ಬಿಯನ್ನು ತವರಿನಲ್ಲೇ ಬಿಟ್ಟು ಗಂಡನ ಮನೆಗೆ ಹೋದ ಹುಡುಗಿಯರಿದ್ದಾರೆ. ಮುಂದೆ ಮಗು ನಿಲ್ಲದಿದ್ದರೆ, ಎರಡು ಸಲ ಗರ್ಭ ಇಳಿದುಹೋದರೆ ನಾಗಪ್ರತಿಷ್ಠೆ, ಹರಕೆ, ಅಶ್ವತ್ಥಕಟ್ಟೆಯ ಪ್ರದಕ್ಷಿಣೆ. ದೇವರಲ್ಲಿ ಹರಸಿಕೊಳ್ಳುವುದು ಅವರವರ ನಂಬಿಕೆ, ನನ್ನ ತಕರಾರಿಲ್ಲ. ತಕರಾರಿರುವುದು ಹರಕೆಗೆ ಮೊದಲು ರಕ್ತ ನೋಡದಿರುವುದಕ್ಕೆ, ಗರ್ಭ ನಿಲ್ಲದ್ದಕ್ಕೆ ಅವಳ ಜಾತಕವನ್ನು ದೂರುವುದಕ್ಕೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ತಾಯಿಯಿಂದಲೇ ಬರಬೇಕು. ಮಗುವಿನ ಗ್ರಂಥಿ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವಳಿಗೆ ಗರ್ಭಿಣಿಯಾದಾಗ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಅವಳು ಅತ್ತೆಮನೆಯವರಿಗೆ ಹೆದರಿ ಮಾತ್ರೆಯನ್ನೇ ಬಿಟ್ಟಿದ್ದರೆ ಆ ಹೊಣೆ ಯಾರದು? ಹೆರಿಗೆಯಾದ ವರ್ಷದೊಳಗೂ ಥೈರಾಯ್ಡ್ ಏರುಪೇರಾಗಬಲ್ಲದು. ಬಾಣಂತಿಗೆ ಸುಸ್ತು ಇರದೆ ಏನು ಎಂಬ ಅದೇ ಹಳೆಯ ಮಾತು ಅಲ್ಲೂ ಅಡ್ಡ ನಿಲ್ಲುತ್ತದೆ.

ಕೈಗೂಸಿನ ವಿಷಯದಲ್ಲಿ ಈ ಸುಳ್ಳು ಎಲ್ಲಕ್ಕಿಂತ ದುಬಾರಿ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರ ಮಕ್ಕಳಿಗೊಂದು ಮಗು ಹುಟ್ಟುತ್ತಲೇ ಥೈರಾಯ್ಡ್ ಕೊರತೆ ಹೊತ್ತು ಬರುತ್ತದೆ. ಹುಟ್ಟಿದಾಗ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಕಾಣುತ್ತವೆ. ಆಮೇಲೆ ಕಾಮಾಲೆ ಬೇಗ ಇಳಿಯುವುದಿಲ್ಲ, ಅಳು ಕರ್ಕಶವಾಗಿ ಕ್ಷೀಣವಾಗುತ್ತದೆ, ಹಾಲು ಕುಡಿಯುತ್ತ ಕುಡಿಯುತ್ತ ನಿದ್ದೆಹೋಗುತ್ತದೆ, ಹೊಕ್ಕುಳು ಉಬ್ಬುತ್ತದೆ. "ಎಷ್ಟು ಒಳ್ಳೆ ಮಗು, ಗಲಾಟೆಯೇ ಇಲ್ಲ" ಎಂದು ದೃಷ್ಟಿ ತೆಗೆಯುತ್ತಾರೆ. ಹುಟ್ಟಿದ ಮೊದಲ ಎರಡು ವಾರದಲ್ಲಿ ಚಿಕಿತ್ಸೆ ಶುರುವಾದರೆ ಆ ಮಗು ಉಳಿದ ಮಕ್ಕಳ ಹಾಗೆಯೇ ಓದಿ ಬೆಳೆಯಬಲ್ಲದು. ತಿಂಗಳುಗಳು ಕಳೆದರೆ ಕಳೆದುಕೊಂಡ ಬುದ್ಧಿಶಕ್ತಿಯನ್ನು ಯಾವ ಔಷಧಿಯೂ ಪೂರ್ತಿ ಮರಳಿಸಲಾರದು. ಹಿಮ್ಮಡಿಗೆ ಚುಚ್ಚಿ ತೆಗೆದ ಕೆಲವು ಹನಿ ರಕ್ತದಲ್ಲಿ ಇದನ್ನು ಕಂಡುಹಿಡಿಯಬಹುದು. ಎಷ್ಟೋ ದೇಶಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ದಶಕಗಳಿಂದ ಇದು ನಡೆಯುತ್ತಿದೆ. ದೊಡ್ಡ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವರ ಮಗುವಿಗೆ ಸಿಗುವುದು ಹೋಬಳಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೂ ಸಿಗಲೇಬೇಕಲ್ಲವೇ?

ರೋಗ ಗೊತ್ತಾದ ಮೇಲಾದರೂ ಬಿಡುಗಡೆ ಇದೆಯೇ? ಅಲ್ಲಿ ಕಾದಿರುತ್ತಾರೆ ಕೊತ್ತಂಬರಿ ಬೀಜದ ನೀರಿನವರು, ಇಪ್ಪತ್ತೊಂದು ದಿನದಲ್ಲಿ ಬುಡಸಮೇತ ಗುಣ ಎನ್ನುವವರು, ಜೀವನಪೂರ್ತಿ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ ಎಂದು ಹೆದರಿಸುವವರು. ಆ ಮಾತ್ರೆಯಲ್ಲಿರುವುದು ನಿಮ್ಮ ಗ್ರಂಥಿಯೇ ತಯಾರಿಸಬೇಕಿದ್ದ ಥೈರಾಕ್ಸಿನ್. ಸರಿಯಾದ ಪ್ರಮಾಣದಲ್ಲಿ ಅದು ದೇಹಕ್ಕೆ ಹೊರಗಿನದಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ನೋಡಿ ಪ್ರಮಾಣ ಹೊಂದಿಸಬೇಕು. ಇಷ್ಟನ್ನು ಐದು ನಿಮಿಷ ಕೂರಿಸಿ ಹೇಳದೆ ಕಳಿಸಿ, ಮಾತ್ರೆ ತಿಂದರೂ ಗುಣವಿಲ್ಲ ಎಂದು ಆಕೆ ಬಿಟ್ಟಾಗ ಆಕೆಯನ್ನೇ ಬೈಯುವ ವೈದ್ಯರೂ ಇದರಲ್ಲಿ ಪಾಲುದಾರರು. ಟಿಎಸ್‌ಎಚ್ ತುಸುವೇ ಏರಿದವರೆಲ್ಲ ಮಾತ್ರೆ ನುಂಗಬೇಕಿಲ್ಲ, ಅದನ್ನು ವೈದ್ಯರು ನಿರ್ಧರಿಸಲಿ. ಆದರೆ ನಿಜವಾಗಿ ಗ್ರಂಥಿ ಸೋತವರು ಔಷಧಿ ಬಿಟ್ಟು ಸೋಂಕಿನ ಹೊತ್ತಿಗೋ ಚಳಿಗಾಲಕ್ಕೋ ಸಿಕ್ಕಿದರೆ ಎಚ್ಚರ ತಪ್ಪಿ ಜೀವವೇ ಹೋಗಬಹುದು. ಯೂಟ್ಯೂಬಿನಲ್ಲಿ ಮಾತ್ರೆ ಬಿಸಾಡಿ ಎಂದವರು ಆ ದಿನ ಆಸ್ಪತ್ರೆಯ ಬಾಗಿಲಿಗೆ ಬರುವುದಿಲ್ಲ.

ಇದಕ್ಕೆಲ್ಲ ಔಷಧಿ ಈಚೆಗೆ ಸಿಕ್ಕಿದೆ ಎಂದಾಗಿದ್ದರೆ ಸಹಿಸಬಹುದಿತ್ತು. 1873ರಲ್ಲಿ ವಿಲಿಯಂ ಗಲ್ ಲಂಡನ್ನಿನಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಮುಂದಿದ್ದದ್ದು ಹೆಂಗಸರೇ. 1891ರಲ್ಲಿ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು ನಲವತ್ತಾರು ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಆಕೆ ಅಲ್ಲಿಂದ ಮುಂದೆ 28 ವರ್ಷ ಬದುಕಿದರು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಾಲ್ ಶುದ್ಧ ಥೈರಾಕ್ಸಿನ್ನನ್ನು ಬೇರ್ಪಡಿಸಿದರು. ಇಂದು ಆ ಮಾತ್ರೆ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ದಿನಕ್ಕೆ ಒಂದು ಲೋಟ ಕಾಫಿಯಷ್ಟೂ ಖರ್ಚಿಲ್ಲ. ಕೊರತೆಯಿರುವುದು ಹೆಣ್ಣಿನ ಮಾತನ್ನು ನಂಬುವವರದ್ದು.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿಯೇ ಕೇಳುತ್ತೇನೆ. ಮೂವತ್ತು ದಾಟಿದವರ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಸರ್ಕಾರದ ಕಾರ್ಯಕ್ರಮವಿದೆ. ಆ ತಪಾಸಣೆಯ ಹೊತ್ತಿನಲ್ಲೇ ಆಶಾ ಕಾರ್ಯಕರ್ತೆ ಥೈರಾಯ್ಡಿನ ಐದಾರು ಲಕ್ಷಣಗಳನ್ನೂ ಕೇಳಲಿ, ಅನುಮಾನ ಬಂದವರ ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆದು ತಾಲ್ಲೂಕಿಗೆ ಕಳಿಸುವ ಏರ್ಪಾಡಾಗಲಿ. ಕೂಲಿ ಬಿಟ್ಟು ಬಸ್ಸು ಹತ್ತಬೇಕಾದ ಪರೀಕ್ಷೆಯನ್ನು ಬಡವಳು ಎಂದೂ ಮಾಡಿಸಿಕೊಳ್ಳಲಾರಳು. ಗರ್ಭಿಣಿಯರಲ್ಲಿ ಅಪಾಯವಿರುವವರನ್ನು ಪರೀಕ್ಷಿಸಬೇಕೆಂಬ ಕೇಂದ್ರದ ಮಾರ್ಗಸೂಚಿ 2014ರಿಂದಲೇ ಇದೆ; ಅದು ಪ್ರತಿ ತಾಯಿ ಕಾರ್ಡಿನ ಮೇಲೆ ಜಾರಿಯಾಗಲಿ. ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯ ರಕ್ತಪರೀಕ್ಷೆಯನ್ನು ಕರ್ನಾಟಕ ಕಡ್ಡಾಯ ಮಾಡಲಿ. ವೈದ್ಯರು ಟೆನ್ಷನ್, ವಯಸ್ಸು ಎಂಬ ಮಾತುಗಳನ್ನು ಪರೀಕ್ಷೆಯಾದ ಮೇಲೆ ಆಡಲಿ.

ಸರ್ಕಾರ ಕದಲುವವರೆಗೆ ಕಾಯಬೇಕಾಗಿಲ್ಲದ್ದೂ ಒಂದಿದೆ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಹೆಂಡತಿಯನ್ನೋ ಅಮ್ಮನನ್ನೋ ಅಕ್ಕನನ್ನೋ ಕೂರಿಸಿ ಕೇಳಿ: ಚಳಿ ಹೆಚ್ಚಾಗುತ್ತದೆಯೇ, ದನಿ ಬದಲಾಗಿದೆಯೇ, ಹೊಟ್ಟೆ ಸಾಫಾಗುತ್ತದೆಯೇ, ಮುಟ್ಟು ಹೇಗಿದೆ, ಕೈ ಜೋಮು ಹಿಡಿಯುತ್ತದೆಯೇ, ಮೊದಲಿನ ಹಾಗೆ ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದೆಯೇ. ಎರಡು ಮೂರಕ್ಕೆ ಅನುಮಾನ ಬಂದರೆ ನಾಳೆ ಬೆಳಗ್ಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿ. ನಾಳೆ ಆಗುವುದಿಲ್ಲ, ತಿಂಡಿ ಯಾರು ಮಾಡುತ್ತಾರೆ, ಮಕ್ಕಳ ಡಬ್ಬಿ ಯಾರು ಕಟ್ಟುತ್ತಾರೆ ಎಂದು ಅವರು ಹೇಳುತ್ತಾರೆ. ತಿಂಡಿ ನೀವು ಮಾಡಿ, ಡಬ್ಬಿಯನ್ನೂ ನೀವೇ ಕಟ್ಟಿ.